ತರಿ ಬಣ್ಣಕ್ಕೆ ಒಂದು ಸಿಗರೇಟು

ಶೆಡ್ಡಿನ ಮೇಲಿನ ಕೋಣೆ,
ಮಾರ್ಚ್ 11, ಮಂಗಳವಾರ, ಮಧ್ಯಾಹ್ನ

ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಗಿದೆಯೇ? ಎರಡು ದಿಂಬು ಇಟ್ಟುಕೊಂಡು ಮಲಗಿ ಎಂದು ನರ್ಸಮ್ಮ ಹೇಳಿದ್ದನ್ನು ಕೇಳುತ್ತಿದ್ದೀರೋ, ಇಲ್ಲ ಎರಡನೆಯದನ್ನು ಪಕ್ಕದ ಮಂಚದ ಮೇಷ್ಟರಿಗೆ ದಾನ ಮಾಡಿದ್ದೀರೋ? ಹಾಲು ಕುಡಿಯುತ್ತಿದ್ದೀರಿ ತಾನೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾಲ್ಕು ಮಾತಾಡುವಷ್ಟರಲ್ಲಿ ನಿಮಗೆ ಕೆಮ್ಮು ಹತ್ತುತ್ತದೆ, ನನಗೆ ಅಳು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅಲ್ಲದೆ ಇವತ್ತು ಹೇಳಬೇಕಾದ್ದನ್ನು ನೀವು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಬೇಕು. ಪತ್ರವಾದರೆ ನಿಮಗೆ ಬೇರೆ ದಾರಿಯಿಲ್ಲ.

ನಾನು ಚೆನ್ನಾಗಿದ್ದೇನೆ. ಸುಸ್ತು ಅಷ್ಟೇ. ಬಲಗೈ ರಟ್ಟೆ ಲೋಟ ಎತ್ತಿದರೂ ನೋಯುತ್ತದೆ, ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ಕೂರುತ್ತೇನೆ. ಯಾಕೆ ಎಂದು ಹೇಳಿಬಿಡುತ್ತೇನೆ. ವಾಚ್ ಅಂಗಡಿಯವರ ಹಳೇ ಕಾರಿನ ಡ್ಯಾಶ್‌ಬೋರ್ಡಿಗೆ ನಾನೇ ಬಣ್ಣ ಹೊಡೆದೆ. ಆಂಬುಲೆನ್ಸ್ ಹತ್ತುವಾಗ "ನಾನು ಬರೋವರೆಗೂ ಅದಕ್ಕೆ ಯಾರೂ ಕೈ ಹಾಕಬಾರದು, ನೀನೂ ಸೇರಿ" ಎಂದು ಉಸಿರು ಸಿಗದಿದ್ದರೂ ನನ್ನಿಂದ ಭಾಷೆ ತೆಗೆದುಕೊಂಡಿದ್ದಿರಿ. ಆ ಭಾಷೆ ಮುರಿದಿದ್ದೇನೆ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನಿಮ್ಮ ಬೆನ್ನ ಹಿಂದೆ ನಾನು ಮಾಡಿದ ಕೆಲಸ ಇದೊಂದೇ. ಕಾಲು ಮುರಿದ ಕುರ್ಚಿಯನ್ನು ಗುಜರಿಯವನಿಗೆ ಹಾಕಿದ್ದು ಇದರಲ್ಲಿ ಸೇರುವುದಿಲ್ಲ.

ಕಾರಿನ ಹೊರಮೈಯನ್ನು ನೀವು ಮುಗಿಸಿಯೇ ಹೋಗಿದ್ದಿರಿ. ಉಳಿದಿದ್ದು ಡ್ಯಾಶ್‌ಬೋರ್ಡಿನ ಎಡ ಅರ್ಧ. ಹಿಂದೆ ಯಾವನೋ ಪುಣ್ಯಾತ್ಮ ಅದನ್ನು ಉಜ್ಜಿ ನುಣ್ಣಗೆ ಮಾಡಿಟ್ಟಿದ್ದ. ಬಲ ಅರ್ಧದಲ್ಲಿ ಮಾತ್ರ ಕಾರ್ಖಾನೆಯ ತರಿ ಬಣ್ಣ ಹಾಗೇ ಇತ್ತು, ಬೆರಳಾಡಿಸಿದರೆ ಸಣ್ಣ ಮರಳು ಸಿಕ್ಕ ಹಾಗೆ. ಎರಡೂ ಒಂದೇ ಆಗಬೇಕು. ವಾಚ್ ಅಂಗಡಿಯವರನ್ನು ನೀವು ಬಲ್ಲಿರಿ, ಕಣ್ಣಿಗೆ ಆ ಗಾಜು ಸಿಕ್ಕಿಸಿಕೊಂಡೇ ಬರುತ್ತಾರೆ. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ಬೇರೆ ಕಡೆ ಕೊಡುತ್ತೇನೆ ಎಂದರು. ಬೇರೆ ಕಡೆಯವರು ಬಲಗಡೆಯದನ್ನೂ ಉಜ್ಜಿ, ಎರಡನ್ನೂ ನುಣ್ಣಗೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೇ ನಿಮ್ಮ ಬಣ್ಣ ಹೊಡೆಯುವ ಗನ್ನನ್ನು ನಾನೇ ಕೈಗೆತ್ತಿಕೊಂಡೆ.

ಬಣ್ಣ ಕೂಡಿಸುವುದು ಕಷ್ಟವಾಗಲಿಲ್ಲ. ಮೊದಲು ಆಶ್‌ಟ್ರೇ ಹಿಂದೆ ಮುಚ್ಚಿಹೋಗಿದ್ದ ಬೂದು ಬಣ್ಣವೇ ನಿಜವಾದದ್ದು ಎಂದು ಅದಕ್ಕೆ ಹೊಂದಿಸಿ ಬೇಸ್ತು ಬಿದ್ದೆ. ಒಂದು ಹಳೇ ತಗಡಿಗೆ ಹೊಡೆದು ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ ಹಿಡಿದರೆ ಎರಡು ಕಾರಿನ ತುಂಡುಗಳ ಹಾಗಿತ್ತು. ಆಮೇಲೆ ಬಿಸಿಲು ತಿಂದ ಬಣ್ಣಕ್ಕೆ ಹೊಂದಿಸಬೇಕು ಎಂದು ಹೊಳೆದು ಎರಡು ಹನಿ ಹಳದಿ ಬಿಟ್ಟೆ, ಸರಿಹೋಯಿತು. ನನ್ನನ್ನು ಸತಾಯಿಸಿದ್ದು ತರಿ. ನಿಮ್ಮ ಎಣ್ಣೆ ಕೈಗುರುತಿನ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಇಷ್ಟೇ ಬರೆದಿದ್ದೀರಿ: "ಗಾಳಿ ಕಮ್ಮಿ, ಮೊಳ ದೂರ. ಮೊದಲ ಕೋಟು. ಒಂದು ಸಿಗರೇಟು. ಎರಡನೇ ಕೋಟು. ಅರ್ಧ ಸಿಗರೇಟು. ಮೂರನೇದು ಮಂಜಿನಂಗೆ." ಕೈಗೆ ಗಡಿಯಾರ ಕಟ್ಟುವ ಮನುಷ್ಯ ಬರೆಯುವ ಲೆಕ್ಕವೇ ರೀ ಇದು?

ಬೇರೆ ದಾರಿ ಕಾಣದೆ ಒಂದು ಪ್ಯಾಕೆಟ್ ತಂದೆ. ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಕೈ ಪಳಗಲಿ ಎಂದು ಇನ್ನೊಂದು ತಗಡಿಗೆ ಮೊದಲ ಕೋಟು ಹೊಡೆದು, ಥಿನ್ನರ್ ವಾಸನೆಯಿಂದ ದೂರ ಗೇಟಿನ ಹತ್ತಿರ ಹೋಗಿ, ಒಂದು ಸಿಗರೇಟು ಹಚ್ಚಿ ಕಾಂಪೌಂಡ್ ಗೋಡೆಯ ಮೇಲಿಟ್ಟು ಅದು ಪೂರ್ತಿ ಉರಿಯುವವರೆಗೆ ಕೈಕಟ್ಟಿ ನಿಂತೆ. ಎರಡನೇ ಕೋಟು ಹೊಡೆದರೆ ತರಿಗಳು ಒಂದಕ್ಕೊಂದು ಸೇರಲೇ ಇಲ್ಲ. ಒಣಗಿದ ಮೇಲೆ ಬೆರಳಾಡಿಸಿದರೆ ಪುಡಿಯಾಗಿ ಉದುರಿದವು. ಹೀಗೇ ಏಳು ತಗಡು ಹಾಳಾದವು. ಗನ್ನಿನ ಮೂತಿ ತೊಳೆದೆ, ಥಿನ್ನರ್ ಬದಲಿಸಿದೆ, ನನ್ನ ಹಣೆಬರಹವನ್ನು ಬೈದುಕೊಂಡೆ. ಕೊನೆಗೆ ಪಕ್ಕದ ಶೆಡ್ಡಿನ ಟಿಂಕರ್ ಬಂದು ಗೋಡೆಯ ಮೇಲಿದ್ದ ಬೂದಿಯ ಸಾಲು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಸುಮ್ನೆ ಇಟ್ರೆ ಅದು ನಿಧಾನಕ್ಕೆ ಉರಿಯುತ್ತೆ, ಸೇದಿದ್ರೆ ಬೇಗ ಮುಗಿಯುತ್ತೆ." ಒಂದು ದಿನವೂ ಸೇದದ ನನಗೆ ಅದು ಹೇಗೆ ಗೊತ್ತಾಗಬೇಕು ಹೇಳಿ. ಪಾಪ, ತಾನೇ ಸೇದಿ ತೋರಿಸುತ್ತೇನೆ ಎಂದ. ಆದರೆ ಅವನದು ಒಂದು ದಮ್ಮಿಗೆ ಹತ್ತು ಮಾತು. ಅವನ ಮಗಳ ಪರೀಕ್ಷೆಯ ಕಥೆ ಕೇಳುತ್ತ ಇನ್ನೆರಡು ತಗಡು ಹಾಳಾದವು.

ಆ ದಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಾಕಪ್ಪಾ ಅನಿಸಿತ್ತು, ಕಾರನ್ನು ಕೊಟ್ಟು ಕಳಿಸೋಣ ಎಂದುಕೊಂಡಿದ್ದೆ. ಆಗ ನೆನಪಾಯಿತು. ನೀವು ಗೇಟಿನ ಹತ್ತಿರ ಕಡ್ಡಿ ಗೀರಿದ ಸದ್ದು ಕೇಳಿದ ಕೂಡಲೇ ನಾನು ಮೇಲೆ ಒಲೆ ಹಚ್ಚಿ ಟೀಗೆ ಎರಡು ಲೋಟ ನೀರಿಡುತ್ತಿದ್ದೆ. ಕುದಿಸಿ, ಸೋಸಿ, ಲೋಟ ಹಿಡಿದು ಕೆಳಗಿಳಿಯುವಷ್ಟರಲ್ಲಿ ನೀವು ತುಂಡನ್ನು ಚಪ್ಪಲಿಯಡಿ ಹೊಸಕುತ್ತಿದ್ದಿರಿ. ಇಷ್ಟು ವರ್ಷದಲ್ಲಿ ಅದು ಹೆಚ್ಚುಕಡಿಮೆಯಾದದ್ದು ನನಗೆ ನೆನಪಿಲ್ಲ. ನಿಮ್ಮ ಸಿಗರೇಟಿನ ಅಳತೆ ನನ್ನ ಒಲೆಯ ಮೇಲೇ ಇತ್ತು, ನಾನು ಊರೆಲ್ಲ ಹುಡುಕುತ್ತಿದ್ದೆ.

ಮರುದಿನ ಬೆಳಿಗ್ಗೆ ಮೊದಲ ಕೋಟು ಹೊಡೆದು ಮೇಲೆ ಹೋದೆ. ಟೀ ಮಾಡಿ ಲೋಟ ಹಿಡಿದು ಇಳಿದು ಎರಡನೆಯದು ಹೊಡೆದೆ. ಮತ್ತೆ ಹತ್ತಿ, ನೀರು ಕುದಿ ಬಂದ ಕೂಡಲೇ ಒಲೆ ಆರಿಸಿ ಓಡಿಬಂದು ಮೂರನೆಯದನ್ನು ಮಂಜಿನ ಹಾಗೆ ಬಿಟ್ಟೆ. ತರಿಗಳು ಒಂದಕ್ಕೊಂದು ಅಂಟಿ, ಆದರೂ ಬೇರೆ ಬೇರೆಯಾಗಿ ಕೂತವು. ನನಗೆ ಜೋರಾಗಿ ಅಳು ಬಂತು. ಮಾಸ್ಕ್ ಹಾಕಿಕೊಂಡೇ ಹೊಡೆದಿದ್ದೆ ಕಣ್ರೀ, ನಿಮ್ಮ ಹಾಗೆ ಮೂಗಿಗೆ ಕರ್ಚೀಫು ಕಟ್ಟಿಕೊಂಡಲ್ಲ. ಅದರೊಳಗೆ ಅಳುವುದು ಸುಲಭವಲ್ಲ. ಆರಿಹೋಗಿದ್ದ ಎರಡು ಲೋಟ ಟೀಯನ್ನೂ ನಾನೇ ಕುಡಿದೆ. ಅದಾದ ಮೇಲೆ ಡ್ಯಾಶ್‌ಬೋರ್ಡಿಗೇ ಹೊಡೆದೆ.

ನಿನ್ನೆ ವಾಚ್ ಅಂಗಡಿಯವರು ಬಂದಿದ್ದರು. ಗಾಜು ಸಿಕ್ಕಿಸಿಕೊಂಡು ನಡುವಿನ ಗೆರೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗೆ ನಿಂತು "ಹೊಸದು ಯಾವ ಕಡೆ?" ಎಂದು ಕೇಳಿದರು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ ನಿಮ್ಮ ಕೈಯಿಂದ ಏನನ್ನೋ ಕಿತ್ತುಕೊಂಡೆನೇನೋ ಎಂದು ಅಳುಕೂ ಆಯಿತು. ಯಾರ ಕೆಲಸ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸ್ವೆಟರ್ ಹಾಕಿಕೊಳ್ಳಿ, ಮಾತ್ರೆ ತಪ್ಪಿಸಬೇಡಿ. ಮೇಷ್ಟರಿಗೆ ನನ್ನ ನಮಸ್ಕಾರ ತಿಳಿಸಿ, ನರ್ಸಮ್ಮನ ಜೊತೆ ಜಗಳ ಬೇಡ. ನಿಮಗೆ ಬೇಗ ಗುಣವಾಗಲಿ ಎನ್ನುವುದು ಬಿಟ್ಟು ನನಗೆ ಬೇರೆ ಕೋರಿಕೆಯಿಲ್ಲ.

ನಿಮ್ಮ ಬೈಗುಳಕ್ಕೆ ತಯಾರಾಗಿರುವ,
ನಿಮ್ಮವಳು

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ಹೋದ ತಿಂಗಳು ಡಾಕ್ಟರು ನನ್ನನ್ನು ಹೊರಗೆ ಕರೆದದ್ದು ಪಥ್ಯ ಹೇಳಲು ಎಂದು ನಿಮಗೆ ಸುಳ್ಳು ಹೇಳಿದೆ. ಇನ್ನು ನೀವು ಗನ್ ಹಿಡಿಯುವ ಹಾಗಿಲ್ಲ, ಬಣ್ಣ ಹೊಡೆಯುವ ಕೋಣೆಗೆ ಕಾಲಿಡುವ ಹಾಗೂ ಇಲ್ಲ. ಇದು ಈ ವರ್ಷದ ಮಾತಲ್ಲ, ಯಾವತ್ತಿಗೂ. ನಿಮ್ಮ ಸ್ಥಿತಿ ತಿಳಿಸಿದ್ದರೆ ವಾಚ್ ಅಂಗಡಿಯವರು ವರ್ಷವಾದರೂ ಕಾಯುತ್ತಿದ್ದರು. ಕಾದರೂ ನೀವು ಹೊಡೆಯಲಾರಿರಿ ಎಂದು ನನಗೊಬ್ಬಳಿಗೇ ಗೊತ್ತಿತ್ತು, ಅದಕ್ಕೇ ಕಲಿತೆ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀವು ಮಾತಾಡದಿದ್ದರೂ ಪರವಾಗಿಲ್ಲ, ಸಂಜೆಯವರೆಗೂ ಪಕ್ಕದಲ್ಲೇ ಕೂತಿರುತ್ತೇನೆ.