ಖಾಲಿ ತೆರೆದ ಬಾಗಿಲು

ಅಕ್ಟೋಬರ್ 14

ಚರ್ಚ್ ಗುಡಿಸಿದೆ. ಹಳೆಯ ಗೋರಿಗಳ ಎಲುಬು ತುಂಬಿಟ್ಟ ಕೋಣೆಯ ಕಿಟಕಿಯಲ್ಲಿ ಮತ್ತೆ ಪಾರಿವಾಳ. ಅಂಗಳದ ಶಿಲುಬೆಯ ಕೆಳಗೆ ಕೆತ್ತಿದ ಕಲ್ಲಿನ ಜನರಲ್ಲಿ ಒಬ್ಬ ಸವಾರ ಬಿರುಕು ಬಿಟ್ಟಿದ್ದಾನೆ. ಅವನನ್ನು ಇಳಿಸಲು ನಾಳೆ ಕ್ರೇನ್ ಬರುತ್ತದೆ. ಪಕ್ಕದ ದಾರಿ ಸಾಲದು. ಅಂಗಳದ ಕಮಾನಿನ ದೊಡ್ಡ ಬಾಗಿಲನ್ನೇ ತೆಗೆಯಬೇಕು — ಶವಪೆಟ್ಟಿಗೆ ಬಂದಾಗ ಮಾತ್ರ ತೆಗೆಯುವಂಥದ್ದು. ಚರ್ಚ್ ನೋಡಿಕೊಳ್ಳುವ ಕೆಲಸವೂ ಬೀಗದ ಕೈಯೂ ಮೊದಲು ಅಮ್ಮನದಾಗಿತ್ತು, ಈಗ ನನ್ನದು.

"ಹೆಣ ಇಲ್ದೆ ತೆಗೀಬೇಡ ಕಣೇ ಅಜೆನೋರ್. ತೆಗೆದ ಮೇಲೆ ಅದು ಒಂದು ಹೆಣ ಕೇಳ್ದೆ ಬಿಡಲ್ಲ."

ಅಮ್ಮ ಹೇಳಿದ್ದು ನಮ್ಮ ಊರಿನ ಹಳೆ ಭಾಷೆ ಬ್ರೆಟನ್‌ನಲ್ಲಿ. ನಾನು ಶಾಲೆಯ ಫ್ರೆಂಚ್‌ನಲ್ಲಿ ವಾದಿಸಿದೆ. ಯಾವಾಗಲೂ ಹಾಗೇ.

ಅಕ್ಟೋಬರ್ 15

ತೆಗೆದೆ. ಸಮಾಧಿ ಗುಂಡಿ ತೋಡುವ ಜಾಕೆಜ್ ಗೋಡೆಯ ಮೇಲೆ ಕೂತಿದ್ದ.

"ಏನಕ್ಕಾ, ಯಾರನ್ನ ಕರೀತಿದೀಯ? ಮೊದ್ಲೇ ಹೇಳ್ಬಿಡು, ಮಳೆಗೆ ಮುಂಚೆ ತೋಡಿಡ್ತೀನಿ."

ನಾನೂ ನಕ್ಕೆ. ಸವಾರ ಕ್ಷೇಮವಾಗಿ ಇಳಿದ.

ಅಕ್ಟೋಬರ್ 21

ಅಮ್ಮ ಊಟ ಬಿಟ್ಟಿದ್ದಾಳೆ. ಜ್ವರವಿಲ್ಲ. ಡಾಕ್ಟರ್‌ಗೆ ಏನೂ ಸಿಗಲಿಲ್ಲ. ಇವತ್ತು ಓಟ್ಸ್ ಗಂಜಿಯನ್ನೂ ತಳ್ಳಿದಳು. ತಮ್ಮ ಗೌಲ್ವೆನ್ ಮೀನಿಗೆ ಹೋಗಿದ್ದಾನೆ, ಹೊರಗೆ ಬಿರುಗಾಳಿ.

"ಅವನ ದೋಣಿ ಇನ್ನೂ ಬಂದಿಲ್ಲ ಅಲ್ವಾ?"

"ಬರುತ್ತೆ. ನೀನು ತಿನ್ನು."

"ಬಾಗ್ಲಿಗೆ ಒಬ್ರು ಬೇಕು. ಅವನ್ಯಾಕೆ? ನಾನಿದೀನಲ್ಲ."

ಅಂದರೆ ಊಟ ಬಿಟ್ಟಿದ್ದು... ಬೇಕೆಂದೇ.

"ಹಂಗಾದ್ರೆ ನಿನ್ನ ಕೊಂದವಳು ನಾನೇ ಆಗ್ತೀನಿ ಅಮ್ಮಾ."

"ಬೀಗ ತೆಗೆಯೋವಾಗ ಯೋಚಿಸ್ಬೇಕಿತ್ತು."

ಬೈದದ್ದಲ್ಲ. ನನ್ನ ಕೆನ್ನೆ ಸವರುತ್ತಾ ಹೇಳಿದಳು.

ಅಕ್ಟೋಬರ್ 27

ಗೌಲ್ವೆನ್ ಬಂದರು ಮುಟ್ಟಿದ! ಓಡಿ ಬಂದು ಫೋನನ್ನು ಅಮ್ಮನ ಕಿವಿಗೆ ಹಿಡಿದೆ.

"ಬದುಕಿದೀನಿ ಅಮ್ಮಾ! ಇನ್ನಾದ್ರೂ ಒಂದಿಷ್ಟು ತಿನ್ನೇ. ನಾನು ಬಂದ್ರೆ ಬಾಯಿಗೆ ತುರುಕ್ತೀನಿ, ನೋಡ್ತಿರು!"

ಅಮ್ಮನ ಮುಖ ಅರಳಿತು.

"ನೋಡಿದ್ಯಾ? ಬಾಗ್ಲು ನನ್ನನ್ನೇ ಒಪ್ಕೊಂಡಿದೆ."

ಚಮಚ ತಂದೆ. ಮುಖ ತಿರುಗಿಸಿದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅವನು ಬಂದರೆ ಹಟ ಬಿಡುತ್ತಾಳೆಂದು ಕಾದಿದ್ದೆ. ಅವಳಿಗೆ ಬೇಕಿದ್ದ ಸಾಕ್ಷಿಯನ್ನು ನಾನೇ ತಂದು ಕಿವಿಗೆ ಹಿಡಿದೆನೇ?

ಅಕ್ಟೋಬರ್ 29, ಸಂಜೆ

ಪಾದ್ರಿ ಬಂದು ಅಮ್ಮನ ಹಣೆಗೆ ಕೊನೆಗಾಲದ ಎಣ್ಣೆ ಹಚ್ಚಿ ಹೋದರು. ಗೌಲ್ವೆನ್ ಅವಳ ಕಾಲು ಒತ್ತುತ್ತಾ ಕೂತಿದ್ದಾನೆ. ಉಸಿರಿದೆ, ಸಣ್ಣಗೆ.

ಚರ್ಚಿಗೆ ಬೀಗ ಹಾಕಲು ಹೋಗಿದ್ದೆ. ದೊಡ್ಡ ಬಾಗಿಲು ಅವತ್ತು ಕಿರುಗುಟ್ಟಿದ್ದು ನೆನಪಾಯಿತು. ಈಗ ನೋಡಿದರೆ ಬೆರಳಿಗೆಲ್ಲ ಜಿಡ್ಡು, ತುಕ್ಕು.

ನಾನು ಇದನ್ನೆಲ್ಲ ನಂಬುವವಳಲ್ಲ. ಅಮ್ಮ ಇನ್ನೂ ಉಸಿರಾಡುತ್ತಿರುವಾಗ ಆ ಬಾಗಿಲಿನ ಕೀಲುಗಳಿಗೆ ನಾನೇಕೆ ಎಣ್ಣೆ ಹಾಕಿ ಬಂದೆ?