ಈ ಶಾಖೆಯಲ್ಲಿ ಲಭ್ಯವಿಲ್ಲ

ಸಂಸತ್ ಭವನದ ಕ್ಯಾಂಟೀನು,
ಮಾರ್ಚ್ 11, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮಗಳ ಮನೆ ಮೂರನೇ ಮಹಡಿ, ಲಿಫ್ಟ್ ಬೇರೆ ಇಲ್ಲ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಹತ್ತಿ ಇಳಿಯಬೇಡ. ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತೀಯಂತೆ, ಅಳಿಯ ಚಾಡಿ ಹೇಳಿದ. ನಾನು ಚೆನ್ನಾಗಿದ್ದೇನೆ.

ಮಾಹಿತಿ ಹಕ್ಕಿನ ಕಾಯಿದೆ ಸಾರ್ವಜನಿಕ ಸಂಸ್ಥೆಗಳಲ್ಲಿ ಹೇಗೆ ಜಾರಿಯಾಗುತ್ತಿದೆ ಎಂದು ಸಂಸತ್ತಿನ ಸಮಿತಿ ವಿಚಾರಣೆ ನಡೆಸುತ್ತಿದೆ. ಇಂದು ನಮ್ಮ ನೀರು ಸರಬರಾಜು ಮಂಡಳಿಯ ಸರದಿ. ಮಾಹಿತಿ ಶಾಖೆಯ ಗುಮಾಸ್ತನಲ್ಲವೇ, ನಿರ್ದೇಶಕರ ಹಿಂದೆ ಕಡತಗಳನ್ನು ಹೊತ್ತು ಬಂದಿದ್ದೇನೆ. ಕೋಣೆ ನೀನು ಊಹಿಸುವಷ್ಟು ದೊಡ್ಡದಲ್ಲ. ಅಧ್ಯಕ್ಷೆ ನಿನ್ನ ವಯಸ್ಸಿನವರು. ಕನ್ನಡಕವನ್ನು ಹಣೆಗೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತಾರೆ, ಥೇಟ್ ನಿನ್ನ ಹಾಗೆ. ಅವರ ಮುಂದೆ ನಿನ್ನ ಮೂರೂ ಅರ್ಜಿಗಳಿದ್ದವು. ನಿನ್ನ ಅಕ್ಷರ ದೂರದಿಂದಲೇ ಗುರುತು ಹತ್ತಿತು. ಭಾವ ಸತ್ತ ವಾಲ್ವ್ ಗುಂಡಿಯ ತಪಾಸಣಾ ವರದಿ ಕೊಡಿ ಎಂದು ನೀನು ಕೇಳಿದ್ದೆ. ಅಲ್ಲಿ ವಿಷಗಾಳಿ ತುಂಬುತ್ತದೆಂದು ಮಂಡಳಿಗೆ ಮೊದಲೇ ಗೊತ್ತಿತ್ತೇ, ಇಷ್ಟೇ ನಿನ್ನ ಪ್ರಶ್ನೆ. ಮಂಡಳಿ ಮಾತ್ರ, ಪಂಪ್ ಆಪರೇಟರ್ ಆಗಿದ್ದ ಭಾವ ಕುಡಿದು ಗುಂಡಿಗೆ ಇಳಿದ ಎಂದು ಬರೆದು ಮುಗಿಸಿತು. ಹೆಂಡದ ವಾಸನೆಗೇ ತಲೆನೋವು ಬರುತ್ತಿದ್ದ ಮನುಷ್ಯ!

ನಮ್ಮಲ್ಲಿ ಒಂದು ಪದ್ಧತಿಯಿದೆ, ನಿನಗೆ ಎಂದೂ ಹೇಳಿಲ್ಲ. ಕೊಡಲು ಇಷ್ಟವಿಲ್ಲದ ಕಡತಕ್ಕೆ ಅರ್ಜಿ ಬಂದರೆ, ಮೊದಲು ಆ ಕಡತವನ್ನು ಕಾರಿಡಾರಿನಾಚೆ ಹಳೆ ಮೀಟರುಗಳ ಉಗ್ರಾಣಕ್ಕೆ ಒಯ್ದಿಡುತ್ತೇವೆ. ಆಮೇಲೆ ಕುಳಿತು ‘ಈ ಶಾಖೆಯಲ್ಲಿ ಲಭ್ಯವಿಲ್ಲ’ ಎಂದು ಉತ್ತರ ಬರೆಯುತ್ತೇವೆ. ಉತ್ತರ ಅಂಚೆಗೆ ಹೋದ ಮೇಲೆ ಕಡತ ವಾಪಸು ಬರುತ್ತದೆ. ಈ ಶಾಖೆಗೆ ಬಂದ ಹೊಸದರಲ್ಲಿ, ಒಯ್ಯದೆಯೇ ಬರೆದರೆ ಆಗದೇ ಎಂದು ಕೇಳಿದ್ದೆ. ಸೂಪರಿಂಟೆಂಡೆಂಟ್ ನಿಜಕ್ಕೂ ನೊಂದುಕೊಂಡರು. “ಏನಪ್ಪಾ, ಸುಳ್ಳು ಬರೀತೀಯಾ? ನಾಳೆ ಯಾರಾದ್ರೂ ಪ್ರಮಾಣ ಮಾಡು ಅಂದ್ರೆ?”

ಬೆಳಿಗ್ಗೆ ಅಧ್ಯಕ್ಷೆ ನಿರ್ದೇಶಕರನ್ನು ಕೇಳಿದರು: “ಮೂರು ಸಲ ಕೇಳಿದಾಗ್ಲೂ ಸಿಗದ ಕಡತ, ನಿಮ್ಮ ದಾಖಲೆ ಪಟ್ಟಿಯಲ್ಲಿ ಮಾತ್ರ ಪ್ರತಿ ವರ್ಷ ಇದೆಯಲ್ಲ, ಹೇಗೆ ಸ್ವಾಮಿ?” ಗುಮಾಸ್ತರ ಕೈತಪ್ಪು ಇರಬಹುದು ಎಂದರು ನಿರ್ದೇಶಕರು. “ನಿಮ್ಮ ಗುಮಾಸ್ತರಿಗೆ ಕೈ ಬಹಳ ಇರ್ಬೇಕು” ಎಂದು ಒಬ್ಬ ಸದಸ್ಯರು ಅಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗಾದರೆ ಮೂರು ಗಂಟೆಗೆ ಗುಮಾಸ್ತರನ್ನೇ ಕೇಳೋಣ ಎಂದು ಅಧ್ಯಕ್ಷೆ ಎದ್ದರು.

ಹೊರಗೆ ನಿರ್ದೇಶಕರು ತಾವೇ ನನಗೆ ಟೀ ತಂದುಕೊಟ್ಟರು, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. “ಕಟ್ಟಡ ಬದಲಾಯಿಸುವಾಗ ಕಳೀತು ಅಂದ್ಬಿಡಿ, ಸಾಕು. ನಿಮಗೂ ಇನ್ನು ಹದಿನಾಲ್ಕೇ ತಿಂಗಳಲ್ವಾ ರಿಟೈರ್ ಆಗೋಕೆ?” ದನಿ ತುಂಬ ಮೃದುವಾಗಿತ್ತು.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ನಿನಗೆ ನಮಸ್ಕಾರ ಬರೆಯಲು ಕೈ ಏಳುತ್ತಿಲ್ಲ.

ಇಂತಿ,
ನಿನ್ನ ತಮ್ಮ

ತಾ.ಕ.: ಒಳಗೆ ಕರೆಯುತ್ತಿದ್ದಾರೆ. ನಿನ್ನ ಕಡತವನ್ನು ಮೂರು ಸಲವೂ ಉಗ್ರಾಣಕ್ಕೆ ಒಯ್ದವನು ನಾನೇ, ಅಕ್ಕಾ. ಎರಡನೇ ಸಲ ದಾರಿಯಲ್ಲಿ ನಿಂತು ಓದಿದೆ. ಭಾವ ಸಾಯುವ ಏಳು ತಿಂಗಳು ಮೊದಲಿನ ವರದಿ: ‘ಗಾಳಿ ಪರೀಕ್ಷಿಸದೆ ಯಾರನ್ನೂ ಇಳಿಸಕೂಡದು.’ ‘ಓದಿದ್ದೇನೆ’ ಎಂದು ಕೆಳಗೆ ನಿರ್ದೇಶಕರ ಸಹಿ. ಮುಚ್ಚಿ ಒಯ್ದಿಟ್ಟೆ. ಮೂರನೇ ಸಲವೂ. ಕೆಲಸ ಹೋಗುವ ಹೆದರಿಕೆ ಎಂದರೆ ನಿಜ, ಆದರೆ ಅಷ್ಟು ಹೇಳಿದರೆ ಸಾಲದು. ಇದನ್ನೆಲ್ಲ ಸಮಿತಿಯ ಮುಂದೆ ಹೇಳುವುದೆಂದು ನಿಶ್ಚಯಿಸಿದ್ದೇನೆ. ಇನ್ನೂ ಹೇಳಿಲ್ಲ. ಬಾಗಿಲ ಬಳಿ ಅಂಚೆಪೆಟ್ಟಿಗೆಯಿದೆ, ಒಳಗೆ ಹೋಗುವ ಮೊದಲೇ ಈ ಕಾಗದ ಹಾಕುತ್ತೇನೆ. ಅಲ್ಲಿ ನನ್ನ ಬಾಯಿ ಕಟ್ಟಿದರೆ, ಇದನ್ನು ನೀನೇ ಅಧ್ಯಕ್ಷೆಗೆ ಕಳಿಸು.