ಹದಿನೇಳನೆಯ ಕಂತಿನ ಮೆಟ್ಟಿಲು

ನಮ್ಮ ಮನೆ,
ಮಾರ್ಚ್ ೧೨, ಸಂಜೆ ನಾಲ್ಕು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಭಾವನ ಕೆಮ್ಮು ಹೇಗಿದೆ? ಮಾತ್ರೆ ನುಂಗಲು ಇನ್ನೂ ಚಿಕ್ಕ ಮಕ್ಕಳ ಹಾಗೆ ರಚ್ಚೆ ಹಿಡಿಯುತ್ತಾರೆಯೇ? ನಾನು ಚೆನ್ನಾಗಿದ್ದೇನೆ. ಅಮ್ಮನ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳು. ಫೋನ್ ಅವಳ ಕುರ್ಚಿಯ ಪಕ್ಕದಲ್ಲೇ ಇರುವುದರಿಂದ ಈ ಕಾಗದ.

ನೀನು ಕಳಿಸಿದ ಡಿವಿಡಿ ಪೆಟ್ಟಿಗೆ ಬಂದಾಗಿನಿಂದ ಮಧ್ಯಾಹ್ನ ನನಗೆ ಪುರುಸೊತ್ತಿಲ್ಲ. ಮೂವತ್ತು ವರ್ಷದ ಹಿಂದಿನ ಧಾರಾವಾಹಿ, ಪ್ರತಿಯೊಂದು ಮಾತೂ ಬಾಯಿಪಾಠ. ಆದರೂ ಎದುರುಮನೆಯ ನರ್ಸಮ್ಮ ಊಟ ಮುಗಿಸಿ ಬಂದು ಕೂರುತ್ತಾಳೆ. ಅದರಲ್ಲಿನ ಹಿರಿಸೊಸೆ ಬಾಯಿ ತೆರೆಯುವ ಮೊದಲೇ ಇವಳ ಅಳು ಶುರು. ಕರವಸ್ತ್ರವನ್ನೂ ನಾನೇ ಒದಗಿಸಬೇಕು! ನಿಜ ಹೇಳಲೇ, ನನಗೂ ಬಿಟ್ಟೇಳಲು ಆಗುವುದಿಲ್ಲ. ಎಷ್ಟೇ ಕಿತ್ತಾಡಿದರೂ ಆ ಮನೆಯವರು ಊಟದ ಹೊತ್ತಿಗೆ ಒಂದೇ ಮೇಜಿಗೆ ಬರುತ್ತಾರಲ್ಲ, ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ನರ್ಸಮ್ಮ ಎದ್ದುಹೋದ ಮೇಲೆ ಅಮ್ಮ ಟಿವಿಗೆ ಟವೆಲ್ ಹೊದಿಸಿ, ಹದಿನೇಳನೆಯ ಕಂತನ್ನು ಮತ್ತೆ ಹಾಕಿಸಿ ಬರೀ ಕೇಳುತ್ತಿದ್ದಳು. ಯಜಮಾನ ಮೆಟ್ಟಿಲಿಳಿದು ಬಂದು, ಹೆಂಡತಿಯ ಕೈಹಿಡಿದು ಮನೆ ಬಿಟ್ಟು ಹೋಗುವ ಕಂತು. ಆ ಹೆಜ್ಜೆ ಸಪ್ಪಳ ಅಪ್ಪನದಲ್ಲವೇ! ಅವರು ತೀರಿಕೊಂಡ ಮೇಲೆ ಅವಳಿಗೆ ಉಳಿದಿರುವುದು ಅದೊಂದೇ. ಆ ಧಾರಾವಾಹಿಯ ನಟರೆಲ್ಲರ ನಡಿಗೆಗೂ ಸ್ಟುಡಿಯೋದಲ್ಲಿ ಹೆಜ್ಜೆ ಸದ್ದು ಮಾಡಿ ಸೇರಿಸುತ್ತಿದ್ದವರು ಅವರೇ. ಹಿರಿಸೊಸೆಯ ಎತ್ತರದ ಹಿಮ್ಮಡಿಯ ಚಪ್ಪಲಿಗೆ ದಪ್ಪ ಪಾದ ತುರುಕಿ, ಅಡುಗೆಮನೆಯಲ್ಲಿ ಹಲಗೆಯ ಮೇಲೆ ಟಕಟಕ ನಡೆದು ಅಭ್ಯಾಸ ಮಾಡುತ್ತಿದ್ದರು. ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಯಜಮಾನನಿಗೆ ಮಾತ್ರ ಅವರದೇ ಬೂಟು, ಹನ್ನೊಂದು ಮೆಟ್ಟಿಲು, ಹನ್ನೊಂದು ಹೆಜ್ಜೆ.

ಎರಡು ವಾರದ ಹಿಂದೆ ಆ ಹೆಜ್ಜೆ ಬದಲಾಯಿತು. ಎಡಗಾಲು ಎಳೆದಂತೆ ಕೇಳಿಸಿತು. ಅಪ್ಪ ಸ್ಕೂಟರಿನಿಂದ ಬಿದ್ದು ಕುಂಟತೊಡಗಿದ್ದು ಧಾರಾವಾಹಿ ಮುಗಿದು ನಾಲ್ಕು ವರ್ಷದ ಮೇಲೆ, ಅಕ್ಕಾ. ಡಿಸ್ಕ್ ಕೆಟ್ಟಿರಬೇಕೆಂದು ಒರೆಸಿ ಒರೆಸಿ ಹಾಕಿದೆ. ಅಮ್ಮ ನಕ್ಕಳು. "ಡಿಸ್ಕಿಗೇನೂ ಆಗಿಲ್ಲ ಕಣೇ. ನಿಮ್ಮಪ್ಪಂಗೆ ಮೆಟ್ಟಿಲಿಳಿಯೋಕೆ ಕಷ್ಟ, ಅದಕ್ಕೇ ತಡ. ಇಳಿದು ಬರಲಿ, ಇಬ್ಬರೂ ಹೊರಡ್ತೀವಿ." ಅಂದಿನಿಂದ ಚಪ್ಪಲಿ ಹಾಕಿಕೊಂಡೇ ಕುರ್ಚಿಯಲ್ಲಿ ಕೂರುತ್ತಾಳೆ. ಊಟ ಎರಡು ತುತ್ತು. ಬಿಪಿ ಮಾತ್ರೆ ಮುಟ್ಟುವುದಿಲ್ಲ. ಬೈದರೆ ನನ್ನ ತಲೆ ಸವರುತ್ತಾಳೆ. ನನಗೆ ಭಯವಾಗುತ್ತಿದೆ.

ಭಾವನಿಗೆ ನಮಸ್ಕಾರ, ಮಗುವಿನ ಕೆನ್ನೆಗೊಂದು ಮುತ್ತು. ಅಮ್ಮನ ಆಶೀರ್ವಾದ ಅಂತ ಬರೆಯಲೇ ಎಂದು ಕೇಳಿದೆ. "ಇಬ್ಬರದೂ ಅಂತ ಬರಿ" ಎಂದಳು.

ನಿನ್ನ
ಗುಬ್ಬಿ

ತಾ.ಕ.: ಆ ಡಿಸ್ಕನ್ನು ವಾರದ ಹಿಂದೆಯೇ ತೆಗೆದು ಬಚ್ಚಿಟ್ಟೆ. ಈ ಲಕೋಟೆಯಲ್ಲಿದೆ. ಆದರೆ ತೆಗೆದ ಮರುದಿನ ಮೂರೂವರೆಗೆ, ಟಿವಿ ಆಫ್ ಇದ್ದಾಗಲೇ, ಸೂರಿನ ಮೇಲಿನಿಂದ ಒಂದು ಹೆಜ್ಜೆ ಕೇಳಿಸಿತು. ನಮ್ಮ ಮನೆಗೆ ಮಹಡಿಯೂ ಇಲ್ಲ, ಮೆಟ್ಟಿಲೂ ಇಲ್ಲ, ನಿನಗೆ ಗೊತ್ತಲ್ಲ. ಅದರ ಮರುದಿನ ಎರಡು. ಇವತ್ತು ಏಳು. ಈ ಕಾಗದ ನಿನ್ನ ಕೈಸೇರಲು ಮೂರು ದಿನ ಬೇಕು. ಓದಿದ ತಕ್ಷಣ ಹೊರಡು ಅಕ್ಕಾ.